ಉಪ್ಪು ನಮ್ಮದು, ನೀರು ಕೆಳಗಿನವರದು

ಹೋದ ವರ್ಷ ಜನವರಿಯ ಒಂದು ಬೆಳಿಗ್ಗೆ, ಏಳೂವರೆ ಇರಬೇಕು, ನಮ್ಮ ಸೊಸೈಟಿಯ ಪಂಪ್ ರೂಮಿನಲ್ಲಿ ನಿಂತು ಉಪ್ಪಿನ ಚೀಲ ಎಣಿಸುತ್ತಿದ್ದೆ. ನೀರಿನ ಲೆಕ್ಕ ನೋಡಿಕೊಳ್ಳುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಅಷ್ಟರಲ್ಲಿ ಅಮೆರಿಕದ ಮಿನ್ನಿಯಾಪೊಲಿಸ್‌ನಿಂದ ತಂಗಿಯ ವಿಡಿಯೋ ಕಾಲ್. ಅಲ್ಲಿ ರಾತ್ರಿ. ಮನೆಯ ಮುಂದಿನ ದೀಪದ ಬೆಳಕಿನಲ್ಲಿ ಅವಳ ಗಂಡ ಸಲಿಕೆಯಿಂದ ಹಿಮ ಎಳೆಯುತ್ತಿದ್ದ. ಇವಳು ಕಾಫಿ ಮಗ್ಗಿನಲ್ಲಿ ಏನನ್ನೋ ಹಿಡಿದು ಕೋಳಿಗೆ ಕಾಳು ಎರಚಿದ ಹಾಗೆ ಎರಚುತ್ತಿದ್ದಳು.

"ಉಪ್ಪು ಅಣ್ಣಾ. ಕಾಲು ಜಾರಬಾರ್ದಂತ. ಕಾಲುದಾರಿಯ ಹತ್ತು ಕಲ್ಲಿಗೆ ಒಂದು ಮಗ್ ಸಾಕು ಅಂತಾರ ಇಲ್ಲಿ. ಜಾಸ್ತಿ ಹಾಕಿದ್ರ ಸೀದಾ ಕೆರಿಗೆ ಹೋಗ್ತದ," ಅಂದಳು. ಆಮೇಲೆ ಪರದೆಗೆ ಮುಖ ಹತ್ತಿರ ತಂದು, "ನಿನ್ನ ಹಿಂದ ಏನವು ಚೀಲ?" ಅಂತ ಕೇಳಿದಳು.

"ಉಪ್ಪು."

"ಇಷ್ಟ್ಯಾಕ? ಸಾಸವಡದಾಗ ಬರ್ಫ್ ಬೀಳ್ಲತ್ತದೇನು?"

ಇಬ್ಬರೂ ನಕ್ಕೆವು. ಫೋನಿಟ್ಟ ಮೇಲೆ ಮತ್ತೆ ಎಣಿಸಿದೆ. ತಿಂಗಳಿಗೆ 24 ಚೀಲ, ಒಂದೊಂದು 50 ಕೆ.ಜಿ. ಅಂದರೆ ಒಂದು ಟನ್ನಿಗಿಂತ ಹೆಚ್ಚು ಉಪ್ಪು ಪ್ರತಿ ತಿಂಗಳು ಗೇಟಿನೊಳಗೆ ಬರುತ್ತಿತ್ತು. ಅದರಲ್ಲಿ ಒಂದು ಚಿಟಿಕೆಯೂ ಯಾರ ಸಾರಿಗೂ ಬೀಳುತ್ತಿರಲಿಲ್ಲ. ಹಾಗಾದರೆ ಅದು ಹೋಗುವುದೆಲ್ಲಿಗೆ?

ಸಾಸವಡ ಗೊತ್ತಿಲ್ಲದವರಿಗೆ ಎರಡು ಮಾತು. ಪುಣೆಯಿಂದ ಹಡಪಸರ ದಾಟಿ ದಿವೆ ಘಾಟಿ ಹತ್ತಿದರೆ ಸುಮಾರು 30 ಕಿ.ಮೀ. ದೂರದಲ್ಲಿ, ಕರ್‍ಹಾ ನದಿಯ ದಂಡೆಯ ಊರು. ಪುರಂದರ ತಾಲೂಕಿನ ಕೇಂದ್ರ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇಲ್ಲಿದೆ. ಆಷಾಢದಲ್ಲಿ ಆಳಂದಿಯ ಪಾಲಖಿ ಘಾಟಿ ಹತ್ತಿ ಬಂದು ಇಲ್ಲಿ ತಂಗುತ್ತದೆ. ಮುಂದಿನ ಮಜಲು ಜೇಜುರಿ, ನಮ್ಮ ಕಡೆಯವರಿಗೆ ಮೈಲಾರಲಿಂಗನ ಊರು. ಅಂಜೂರ, ಸೀತಾಫಲ, ಬಟಾಣಿಗೆ ಹೆಸರಾದ ಸೀಮೆ. ಮಳೆನೆರಳಿನ ನಾಡು, ನೀರು ಯಾವಾಗಲೂ ಕಡಿಮೆ. ಪುಣೆಯ ಬಾಡಿಗೆ ಕಟ್ಟಲಾಗದವರು, ನಿವೃತ್ತಿಯ ದುಡ್ಡಿನಲ್ಲಿ ಸ್ವಂತ ಸೂರು ಹುಡುಕಿದವರು ಘಾಟಿ ಹತ್ತಿ ಬಂದು ನೆಲೆಸಿದ ಮೇಲೆ ಇಲ್ಲೂ ಕಟ್ಟಡಗಳು ಎದ್ದವು. ನಾನೂ ಹಾಗೆ ಬಂದವನು.

ಇಲ್ಲಿನ ನೆಲ ಕಪ್ಪುಶಿಲೆಯದು. ಅದರ ಬಿರುಕುಗಳಲ್ಲಿ ನಿಂತು ಬರುವ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಕೊಂಡಿರುತ್ತವೆ. ಅದೇ ಗಡಸು ನೀರು. ಮೊದಲ ಸಲ ಊರಿನಿಂದ ಬಂದಾಗ ಅವ್ವ ಕುಕ್ಕರಿನ ಏಳನೇ ಸೀಟಿಗೆ, "ಇದು ಎಂಥ ನೀರೋ, ಬ್ಯಾಳಿ ಕುದಿಯಂಗಿಲ್ಲ," ಅಂದಿದ್ದಳು. ತೊಗರಿಯ ನಾಡಿನಿಂದ ಬಂದವಳಿಗೆ ಅದು ಅವಮಾನವೇ. ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರ, ನಲ್ಲಿಯ ಮೂತಿಗೆ ಬಿಳಿ ಕಲೆ, ಕೂದಲು ಉದುರುವುದಕ್ಕೂ ಅದೇ ಕಾರಣ ಅಂತ ಎಲ್ಲರ ನಂಬಿಕೆ. ಹಾಗಾಗಿ ಬಿಲ್ಡರು ಕೊಟ್ಟ ಸೌಕರ್ಯಗಳಲ್ಲಿ ಜನ ಮೊದಲು ಕೇಳುವುದು ಸಾಫ್ಟನರ್. ನಮ್ಮಲ್ಲಿ 48 ಮನೆ, ಎರಡು ಬೋರ್, ಬೇಸಿಗೆಯಲ್ಲಿ ಟ್ಯಾಂಕರ್, ಮಧ್ಯೆ ಒಂದು ದೊಡ್ಡ ಸಾಫ್ಟನರ್.

ಆ ಯಂತ್ರ ಮಾಡುವುದು ಒಂದು ಅದಲುಬದಲು. ಒಳಗಿರುವ ರೆಸಿನ್ ಮಣಿಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ. ಗಡಸು ನೀರು ಹರಿದಾಗ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಸ್ವಲ್ಪ ಹೊತ್ತಿಗೆ ಮಣಿಗಳು ತುಂಬಿಹೋಗುತ್ತವೆ. ಆಗ ದಟ್ಟ ಉಪ್ಪುನೀರು ಹಾಯಿಸಿ ಅವನ್ನು ತೊಳೆಯಬೇಕು. ಹಿಡಿದಿಟ್ಟ ಸುಣ್ಣವೆಲ್ಲ ಆ ಉಪ್ಪುನೀರಿನ ಜೊತೆ ಗಟಾರಕ್ಕೆ. ಉಪ್ಪಿನಲ್ಲಿ ಎರಡು ಪಾಲು: ಸೋಡಿಯಂ, ಕ್ಲೋರೈಡ್. ಸೋಡಿಯಂನ ಒಂದಷ್ಟು ನಮ್ಮ ನಲ್ಲಿಗೆ ಬರುತ್ತದೆ, ಉಳಿದದ್ದು ಗಟಾರಕ್ಕೆ. ಕ್ಲೋರೈಡ್ ಮಾತ್ರ ಪೂರ್ತಿ ಗಟಾರಕ್ಕೇ ಹೋಗುತ್ತದೆ, ಒಂದು ಗ್ರಾಮೂ ಒಳಗೆ ಉಳಿಯುವುದಿಲ್ಲ.

ತಂಗಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹತ್ತು ಕಲ್ಲಿಗೆ ಒಂದು ಮಗ್ ಅಂತ ಅಳೆದು ಕೊಡುವಷ್ಟು ಅಲ್ಲಿ ಏನಾಗಿದೆ ಅಂತ ಓದುತ್ತಾ ಹೋದೆ.

ಅಮೆರಿಕ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪನ್ನು ಚಳಿಗಾಲದ ರಸ್ತೆಗಳ ಮೇಲೆ ಸುರಿಯುತ್ತದೆ. ತಂಗಿ ಇರುವ ಅವಳಿ ನಗರಗಳ ಪ್ರದೇಶದಲ್ಲೇ ಸುಮಾರು 3.5 ಲಕ್ಷ ಟನ್. ಉಪ್ಪು ಬಿದ್ದರೆ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಗಡ್ಡೆ ಕಟ್ಟುವುದಿಲ್ಲ, ಹಾಗಾಗಿ ವಾಹನ ಜಾರುವುದು ತಪ್ಪುತ್ತದೆ. ಅದರಿಂದ ಎಷ್ಟೋ ಜೀವ ಉಳಿದಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಿಮ ಕರಗಿದ ಮೇಲೆ ಉಪ್ಪು ಎಲ್ಲೂ ಮಾಯವಾಗುವುದಿಲ್ಲ. ಕ್ಲೋರೈಡ್ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಣ್ಣಿಗೆ ಅಂಟಿ ಕೂರುವುದಿಲ್ಲ. ನೀರು ಹೋದ ಕಡೆ ಹೋಗುತ್ತದೆ, ನೀರು ನಿಂತ ಕಡೆ ನಿಲ್ಲುತ್ತದೆ. ಅಲ್ಲಿನ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಾಗ, ಹಾಕಿದ ಉಪ್ಪಿನ 70 ಪ್ರತಿಶತಕ್ಕೂ ಹೆಚ್ಚು ಭಾಗ ನದಿಯ ಜೊತೆ ಹೊರಹೋಗದೆ ಅಲ್ಲಿಯ ಕೆರೆ, ಅಂತರ್ಜಲದಲ್ಲೇ ಉಳಿಯುತ್ತಿದೆ ಅಂತ ಕಂಡುಬಂತು. ಉಪ್ಪುನೀರು ಭಾರ. ಅದು ಕೆರೆಯ ತಳಕ್ಕೆ ಇಳಿದು ಕೂತರೆ ಮೇಲಿನ ನೀರು, ಕೆಳಗಿನ ನೀರು ಬೆರೆಯುವುದು ಕಷ್ಟವಾಗಿ ತಳಕ್ಕೆ ಉಸಿರುಗಾಳಿ ತಲುಪುವುದಿಲ್ಲ.

ಅಲ್ಲಿನ ಕೇಂದ್ರ ಪರಿಸರ ಸಂಸ್ಥೆ 1988ರಲ್ಲೇ ಜಲಚರಗಳ ಸಲುವಾಗಿ ಲೀಟರಿಗೆ 230 ಮಿ.ಗ್ರಾಂ. ಕ್ಲೋರೈಡ್ ಅಂತ ಗೆರೆ ಎಳೆದಿದೆ. ಕೆನಡಾದ ಗೆರೆ ಇನ್ನೂ ಕೆಳಗೆ, 120. ಅಷ್ಟೂ ಸಾಲದು, ಮೀನು ತಿನ್ನುವ ಸೂಕ್ಷ್ಮಜೀವಿಗಳು ಅದಕ್ಕಿಂತ ಮೊದಲೇ ಸಾಯುತ್ತಿವೆ ಎಂದು 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹೇಳಿತು. ಮಿನ್ನೆಸೋಟದ ಮಾಲಿನ್ಯ ನಿಯಂತ್ರಣ ಇಲಾಖೆ ಜನರಿಗೆ ಹೇಳುವ ಲೆಕ್ಕ ಇನ್ನೂ ಸರಳ. ಒಂದು ಚಮಚ ಉಪ್ಪು ಐದು ಗ್ಯಾಲನ್, ಅಂದರೆ ನಮ್ಮ ಒಂದು ಬಕೆಟ್ ನೀರನ್ನು, ಕೆಡಿಸಲು ಸಾಕು.

ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನ ಸೀಸದ ನೀರಿನ ಕಥೆ ನಿಮಗೆ ನೆನಪಿರಬಹುದು. 2014ರಲ್ಲಿ ಆ ಊರು ಕುಡಿಯುವ ನೀರನ್ನು ಫ್ಲಿಂಟ್ ನದಿಗೆ ಬದಲಾಯಿಸಿತು. ಆ ನೀರಿನಲ್ಲಿ ಕ್ಲೋರೈಡ್ ಹೆಚ್ಚು, ಕೊಳವೆ ಸವೆಯದಂತೆ ಹಾಕಬೇಕಾದ ಔಷಧ ಹಾಕಲಿಲ್ಲ, ಹಳೆಯ ಕೊಳವೆಗಳ ಸೀಸ ಮಕ್ಕಳ ಲೋಟಕ್ಕೆ ಬಂತು. ನದಿಯ ಆ ಕ್ಲೋರೈಡಿಗೆ ರಸ್ತೆಯ ಉಪ್ಪೂ ಒಂದು ಕಾರಣ.

ಇದನ್ನೆಲ್ಲ ಓದಿದ ಮೇಲೆ ಚಮಚ ಬಿಟ್ಟು ಚೀಲದ ಲೆಕ್ಕ ಹಾಕಿದೆ. ನಮ್ಮ ಕುಡಿಯುವ ನೀರಿನ ಭಾರತೀಯ ಮಾನಕ, ಐ.ಎಸ್. 10500, ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ. ದಾಟದಿದ್ದರೆ ಒಳ್ಳೆಯದು ಅನ್ನುತ್ತದೆ. 50 ಕೆ.ಜಿ. ಉಪ್ಪಿನಲ್ಲಿ ಕ್ಲೋರೈಡ್ ಸುಮಾರು 30 ಕೆ.ಜಿ. ಸ್ವಲ್ಪವೂ ಉಪ್ಪಿಲ್ಲದ ಮಳೆನೀರನ್ನು ಆ ಗೆರೆಯ ತನಕ ತರಲು ಇದೊಂದು ಚೀಲ 1,20,000 ಲೀಟರಿಗೆ ಸಾಕು. ನಮ್ಮ ಗೇಟಿಗೆ ಬರುವ ಟ್ಯಾಂಕರ್ 10,000 ಲೀಟರಿನದು. ಒಂದು ಚೀಲಕ್ಕೆ ಹನ್ನೆರಡು ಟ್ಯಾಂಕರ್. ತಿಂಗಳ 24 ಚೀಲಕ್ಕೆ 288 ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಮೂರು ದಿನ ಫೋನ್ ಹಚ್ಚುವ ನಾವು, ತಿಂಗಳಿಗೆ 288 ಟ್ಯಾಂಕರ್ ನೀರು ಕೆಡಿಸುವಷ್ಟು ಉಪ್ಪನ್ನು ಗಟಾರಕ್ಕೆ ಬಿಡುತ್ತಿದ್ದೆವು.

ಆ ಗಟಾರ ಸೊಸೈಟಿಯ ಹಿಂಗೋಡೆ ದಾಟಿ ಒಂದು ಒಡ್ಡಿನ ಪಕ್ಕ ಹರಿದು ಹಳ್ಳ ಸೇರುತ್ತದೆ. ಹಳ್ಳ ಕರ್‍ಹೆಗೆ. ಮಧ್ಯೆ ಒಬ್ಬ ಕಾಕಾನ ಹೊಲ, ಎರಡು ಎಕರೆ, ಒಂದು ತೆರೆದ ಬಾವಿ. ಅವರನ್ನು ನಾನು ಎಷ್ಟೋ ಸಲ ನೋಡಿದ್ದೆ. ಸೀಸನ್ನಿನಲ್ಲಿ ಗೇಟಿನ ಮುಂದೆ ಸೀತಾಫಲದ ಬುಟ್ಟಿ ಇಟ್ಟು ಕೂರುವವರು. ನೀರಿನ ವಿಷಯ ಎತ್ತಿದ್ದು ಅದೇ ಮೊದಲು. "ಪಾಣೀ ಮಚೂಳ್ ಝಾಲಯ್, ಸಾಹೇಬ," ಅಂದರು. ಮಚೂಳ ಅಂದರೆ ನಮ್ಮ ಕಡೆ ಸವಳು ಅನ್ನುತ್ತೇವಲ್ಲ, ಅದು. ಐದಾರು ವರ್ಷದಿಂದ ಹೀಗೆ, ಮಳೆಗಾಲದಲ್ಲಿ ಪರವಾಗಿಲ್ಲ, ಸಂಕ್ರಾಂತಿ ದಾಟಿದರೆ ದನ ಕೂಡ ಮೂತಿ ತಿರುಗಿಸುತ್ತದೆ, ಬಟಾಣಿಯ ಎಲೆ ಅಂಚಿನಿಂದ ಸುಟ್ಟಂತೆ ಆಗುತ್ತದೆ ಅಂದರು. ನಮ್ಮ ಕಟ್ಟಡಕ್ಕೆ ಎಷ್ಟು ವರ್ಷ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಟಿ.ಡಿ.ಎಸ್. ಪೆನ್ ನನ್ನ ಜೇಬಿನಲ್ಲೇ ಇತ್ತು. ಅವರ ಬಾವಿ, ಗಟಾರಕ್ಕಿಂತ ಮೇಲಿರುವ ಇನ್ನೊಬ್ಬರ ಬಾವಿ, ಎರಡರಲ್ಲೂ ಅದ್ದಿ ನೋಡಿದೆ. ಕೆಳಗಿನದರಲ್ಲಿ ಅಂಕಿ ಮೇಲಿನದರ ಎರಡರಷ್ಟಕ್ಕಿಂತ ಹೆಚ್ಚು. ಇದು ಪೂರ್ತಿ ನಮ್ಮದೇ ಪಾಪ ಎಂದು ಆ ಪೆನ್ ಹೇಳುವುದಿಲ್ಲ. ಗೊಬ್ಬರ ಇದೆ, ಶೌಚದ ನೀರು ಇದೆ, ಪಕ್ಕದಲ್ಲಿ ಇನ್ನೂ ಎರಡು ಸೊಸೈಟಿಗಳಿವೆ. ಆದರೆ ತಿಂಗಳಿಗೆ ಟನ್ನುಗಟ್ಟಲೆ ಉಪ್ಪು ಆ ದಾರಿಯಲ್ಲಿ ಇಳಿಸುತ್ತಿದ್ದವರು ಇನ್ಯಾರೋ ಎಂದು ಹೇಳುವ ಮುಖ ನನಗಿರಲಿಲ್ಲ.

ಕಪ್ಪು ಮಣ್ಣಿಗೆ ಇದರಿಂದ ಆಗುವ ಹಾನಿಯನ್ನು ಸಾಫ್ಟನರ್ ಮೂಲಕವೇ ತಿಳಿಯಬಹುದು. ಎರೆಮಣ್ಣಿನ ಕಣಗಳೂ ರೆಸಿನ್ ಮಣಿಗಳ ಹಾಗೆಯೇ ಕ್ಯಾಲ್ಸಿಯಂ, ಸೋಡಿಯಂ ಹಿಡಿಯುತ್ತವೆ, ಬಿಡುತ್ತವೆ. ಕ್ಯಾಲ್ಸಿಯಂ ಇದ್ದಾಗ ಮಣ್ಣು ಉದುರುದುರಾಗಿ ನೀರು ಇಳಿಯುತ್ತದೆ. ಸೋಡಿಯಂ ಏರಿದರೆ ಕಣಗಳು ಊದಿಕೊಂಡು ಮುಚ್ಚಿಕೊಳ್ಳುತ್ತವೆ, ಮೇಲೆ ಬಿಳಿ ಬಿಳಿ ಕಟ್ಟುತ್ತದೆ. ನಮ್ಮ ರೈತರು ಚೌಳು ಎನ್ನುವುದು ಇದಕ್ಕೇ. ನೀರು ಮಿತಿಮೀರಿ ಹಾಯಿಸಿ ಕಬ್ಬಿನ ಭೂಮಿ ಚೌಳಾದದ್ದನ್ನು ಬೆಳಗಾವಿ, ಸಾಂಗ್ಲಿ ಕಡೆಯವರು ಕಣ್ಣಾರೆ ನೋಡಿದ್ದಾರೆ. ಸಾಫ್ಟನರಿನಲ್ಲಿ ಮಣಿ ತೊಳೆಯುವುದು ಒಂದು ತಾಸಿನ ಕೆಲಸ. ಹೊಲ ತೊಳೆಯುವುದಕ್ಕೆ ಜಿಪ್ಸಂ ಬೇಕು, ಒಳ್ಳೆಯ ನೀರು ಬೇಕು, ಬಸಿಗಾಲುವೆ ಬೇಕು, ವರ್ಷಗಳು ಬೇಕು.

ಸಂಸ್ಕರಣಾ ಘಟಕ ಹಾಕಿದರೆ ಆಯಿತಲ್ಲ ಅಂತ ನಮ್ಮ ಸಭೆಯಲ್ಲಿ ಒಬ್ಬರು ಕೇಳಿದರು. ಬಹಳ ಜನ ತಪ್ಪು ತಿಳಿದಿರುವುದು ಇಲ್ಲಿಯೇ. ನಮ್ಮ ನಗರಗಳಲ್ಲಿರುವ ಎಸ್.ಟಿ.ಪಿ.ಗಳು ಕೊಳೆಯುವುದನ್ನು ಕೊಳೆಸಿ ತೆಗೆಯುತ್ತವೆ. ಕರಗಿದ ಉಪ್ಪು ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಒಳಗೆ ಬಂದಷ್ಟೂ ಹೊರಗೆ ಹೋಗುತ್ತದೆ. ಅದನ್ನು ತೆಗೆಯಲು ಆರ್.ಓ. ಬೇಕು, ಅದಕ್ಕೆ ವಿಪರೀತ ಕರೆಂಟು, ಕೊನೆಗೆ ಅಲ್ಲೂ ಉಳಿಯುವುದು ಇನ್ನಷ್ಟು ದಟ್ಟವಾದ ಉಪ್ಪುನೀರು. ನೀವು ಬೆಂಗಳೂರಿನಲ್ಲಿ ಕೂತು ಓದುತ್ತಿದ್ದರೆ ಇದು ನಿಮಗೂ ಸೇರಿದ ಮಾತು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆಯ ಅಳತೆ ದಿನಕ್ಕೆ 44 ಕೋಟಿ ಲೀಟರ್. ನಿಮ್ಮ ಅಪಾರ್ಟ್‌ಮೆಂಟಿನ ಸಾಫ್ಟನರ್ ಆ ಕಣಿವೆಯಲ್ಲಿದ್ದರೆ ಅದರ ಉಪ್ಪೂ ಆ ನೀರಿನಲ್ಲೇ ಇದೆ. ನಮ್ಮ ಪುರಂದರದಲ್ಲೂ ಇಂಥದೇ ಒಂದಿದೆ. ಮುಳಾ-ಮುಠಾ ನದಿಯಿಂದ ನೀರೆತ್ತಿ ಬೆಟ್ಟಸಾಲಿನ ಈಚೆ ತರುವ ಪುರಂದರ ಏತ ನೀರಾವರಿ. ಮುಳಾ-ಮುಠಾ ಅಂದರೆ ಪುಣೆ ಶಹರದ ಬಳಸಿದ ನೀರು. ಅದರಲ್ಲಿ ನೊರೆ, ವಾಸನೆ ಇದ್ದರೆ ರೈತರಿಗೆ ಗೊತ್ತಾಗುತ್ತದೆ, ಕೂಗಾಡುತ್ತಾರೆ. ಉಪ್ಪಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಹಾಗಾದರೆ ಉಳಿದ ದಾರಿ ಒಂದೇ, ಹಾಕುವಲ್ಲೇ ಕಡಿಮೆ ಹಾಕುವುದು. ಇದರಲ್ಲಿ ಹಿಮದ ನಾಡಿನವರಿಂದ ಕದಿಯಲು ಬಹಳ ಇದೆ. ಮೊದಲು ಸಲಿಕೆ, ಆಮೇಲೆ ಉಪ್ಪು. ನೆಲ ಸುಮಾರು ಮೈನಸ್ 9 ಡಿಗ್ರಿಗಿಂತ ತಣ್ಣಗಿದ್ದರೆ ಸಾದಾ ಉಪ್ಪು ಅಷ್ಟಾಗಿ ಕೆಲಸವೇ ಮಾಡುವುದಿಲ್ಲ, ಆಗ ಮರಳು. ಹಿಮ ಬೀಳುವ ಮೊದಲೇ 23 ಪ್ರತಿಶತದ ಉಪ್ಪುನೀರನ್ನು ರಸ್ತೆಗೆ ಗೆರೆ ಗೆರೆಯಾಗಿ ಬಳಿದರೆ ಹರಳುಪ್ಪು ಬಹಳ ಕಡಿಮೆ ಸಾಕು. ಒಣ ಹರಳು ಲಾರಿಯಿಂದ ಬಿದ್ದು ಪುಟಿದು ಚರಂಡಿಗೆ ಹೋಗುತ್ತದೆ. ಒದ್ದೆ ಮಾಡಿ ಹಾಕಿದರೆ ರಸ್ತೆಯಲ್ಲೇ ನಿಲ್ಲುತ್ತದೆ. ಲಾರಿ ಎಷ್ಟು ಸುರಿಯುತ್ತದೆ ಅಂತ ವರ್ಷಕ್ಕೊಮ್ಮೆ ತೂಗಿ ನೋಡುತ್ತಾರೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ನ್ಯೂ ಹ್ಯಾಂಪ್‌ಶೈರಿನ ಒಂದು ಕಾನೂನು. ಅಂಗಡಿಗಳ ಪಾರ್ಕಿಂಗಿಗೆ ಉಪ್ಪು ಹಾಕುವ ಗುತ್ತಿಗೆದಾರರು ಯಾರಾದರೂ ಜಾರಿ ಬಿದ್ದು ಕೇಸು ಹಾಕಿಯಾರು ಎಂಬ ಹೆದರಿಕೆಯಿಂದಲೇ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತಿದ್ದರು. ಆ ರಾಜ್ಯ, ತರಬೇತಿ ಪಡೆದು ಅಳೆದು ಹಾಕುವವರಿಗೆ ಅಂಥ ಕೇಸಿನಿಂದ ರಕ್ಷಣೆ ಕೊಟ್ಟಿತು.

ಇದನ್ನು ಓದಿದಾಗ ನನಗೆ ನಮ್ಮ ಪಂಪ್ ಆಪರೇಟರ್ ಹುಡುಗ ನೆನಪಾದ. ಯಂತ್ರ ಕೂರಿಸಿದ ಕಂಪನಿಯವರು ಪ್ರತಿ ರಾತ್ರಿ ಎರಡು ಗಂಟೆಗೆ ತಾನಾಗಿ ತೊಳೆಯುವಂತೆ ಗಡಿಯಾರ ಹಚ್ಚಿ ಹೋಗಿದ್ದರು. ದೀಪಾವಳಿಗೆ ಅರ್ಧ ಮನೆ ಬೀಗ ಹಾಕಿದ್ದರೂ ಅಷ್ಟೇ, ಟ್ಯಾಂಕ್ ತುಂಬಿ ಹರಿದರೂ ಅಷ್ಟೇ, ರಾತ್ರಿಗೆ 40 ಕೆ.ಜಿ. ಯಾಕಪ್ಪಾ ಅಂತ ಕೇಳಿದರೆ, "ಮೂರನೇ ಮಾಳಿಗೆಯ ಮಾವಶಿ ನಲ್ಲಿಗೆ ಕಲೆ ಬಂತು ಅಂತ ಫೋನ್ ಮಾಡ್ತಾರೆ ಸರ್," ಅಂದ. ಎಲ್ಲ ಉಪ್ಪು ಬೀಳುತ್ತಿದ್ದುದು ಒಂದು ಫೋನಿನ ಹೆದರಿಕೆಗೆ.

ಉಳಿದ ಕೆಲಸ ಲೆಕ್ಕದ್ದು. ಡ್ರಾಪ್ ಕಿಟ್ ತಂದು ಬೋರ್ ನೀರಿನ ಗಡಸುತನ ನೋಡಿದೆವು: ಲೀಟರಿಗೆ 520 ಮಿ.ಗ್ರಾಂ. ಆಸುಪಾಸು. ಯಂತ್ರ ಅದನ್ನು ಹೆಚ್ಚುಕಡಿಮೆ ಸೊನ್ನೆಗೆ ತರುತ್ತಿತ್ತು. ಸೊನ್ನೆ ಯಾರಿಗೆ ಬೇಕು? ಮಾನಕವೇ 200ರ ತನಕ ಒಳ್ಳೆಯ ನೀರು ಅನ್ನುತ್ತದೆ, ಬೇರೆ ನೀರು ಸಿಗದಲ್ಲಿ 600ರ ತನಕ ನಡೆಯುತ್ತದೆ ಅನ್ನುತ್ತದೆ. ಒಂದು ಗ್ರಾಂ ಗಡಸುತನ ತೆಗೆಯಲು ರಸಾಯನಶಾಸ್ತ್ರದ ಪ್ರಕಾರ 1.17 ಗ್ರಾಂ ಉಪ್ಪು ಸಾಕು. ಅದು ಕಾಗದದ ಮೇಲಿನ ಮಾತು. ನಮ್ಮ ಯಂತ್ರ ಮೂರು ಗ್ರಾಮಿಗಿಂತ ಹೆಚ್ಚು ತಿನ್ನುತ್ತಿತ್ತು.

ಮೊದಲು ಗಡಿಯಾರ ತೆಗೆಸಿ ಮೀಟರ್ ಹಾಕಿಸಿದೆವು. ಇಷ್ಟು ಸಾವಿರ ಲೀಟರ್ ಹರಿದ ಮೇಲಷ್ಟೇ ತೊಳೆಯಬೇಕು. ಆಮೇಲೆ ಒಂದು ಬೈಪಾಸ್ ವಾಲ್ವ್: ಸಾಫ್ಟನರ್ ನೀರಿಗೆ ಬೋರ್ ನೀರನ್ನು ಬೆರೆಸಿ 200ಕ್ಕೆ ನಿಲ್ಲಿಸುವುದು. ಅದೃಷ್ಟಕ್ಕೆ ಫ್ಲಷ್‌ನ ಟ್ಯಾಂಕು ಬಿಲ್ಡರ್ ಕಾಲದಿಂದಲೇ ಬೇರೆ ಇತ್ತು, ಅದಕ್ಕೂ ತೋಟದ ನಲ್ಲಿಗೂ ಸಾಫ್ಟನರ್ ನೀರು ಹೋಗುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಕಮೋಡಿಗೆ ಮೆದು ನೀರು! ಅದನ್ನು ಕತ್ತರಿಸಿ ನೇರ ಬೋರಿಗೆ ಸೇರಿಸಿದೆವು. ತೋಟದ ದಾಸವಾಳ ಎರಡೇ ತಿಂಗಳಿಗೆ ಚಿಗುರಿ ನಮಗೇ ಪಾಠ ಹೇಳಿತು. ಕೊನೆಗೆ ಪ್ರತಿ ತೊಳೆತಕ್ಕೆ ಹಾಕುವ ಉಪ್ಪಿನ ಅಳತೆ ಇಳಿಸಿದೆವು. ಕಡಿಮೆ ಉಪ್ಪಿನಿಂದ ತೊಳೆದರೆ ಮಣಿ ಪೂರ್ತಿ ಶುದ್ಧವಾಗುವುದಿಲ್ಲ, ಸ್ವಲ್ಪ ಬೇಗ ಬೇಗ ತೊಳೆಯಬೇಕಾಗುತ್ತದೆ. ಆದರೂ ಗ್ರಾಂ ಲೆಕ್ಕದಲ್ಲಿ ಉಪ್ಪು ಉಳಿಯುತ್ತದೆ. ಬಟ್ಟೆ ಒಗೆಯುವಾಗ ಸೋಪಿನ ಪುಡಿ ಹೆಚ್ಚು ಹಾಕಿದವರಿಗೆಲ್ಲ ಇದು ಗೊತ್ತು.

ಮ್ಯಾಗ್ನೆಟ್ ಕಟ್ಟಿದರೆ ಉಪ್ಪೇ ಬೇಡ ಅಂತ ಇಬ್ಬರು ಮಾರಾಟಗಾರರು ಬಂದಿದ್ದರು. ಎರಡು ಕಡೆಯ ನೀರನ್ನೂ ನಮ್ಮ ಕಿಟ್ಟಿನಲ್ಲಿ ನೋಡೋಣ ಅಂದ ಮೇಲೆ ತಿರುಗಿ ಬರಲಿಲ್ಲ. ಸೋಡಿಯಂ ಬದಲು ಪೊಟ್ಯಾಸಿಯಂ ಉಪ್ಪು ಹಾಕಬಹುದು, ಗಿಡಕ್ಕೆ ಒಳ್ಳೆಯದು. ಆದರೆ ದುಬಾರಿ, ಮತ್ತು ಕ್ಲೋರೈಡ್ ಅದರಲ್ಲೂ ಇದೆ.

ಜಗಳವಾದದ್ದು ಸಭೆಯಲ್ಲಿ. ದುಡ್ಡು ಕೊಟ್ಟು ಫ್ಲ್ಯಾಟ್ ತಗೊಂಡಿದ್ದೇವೆ, ಗೀಸರ್ ಹಾಳಾದರೆ ಯಾರು ಕೊಡುತ್ತಾರೆ ಅಂತ ಮೂರನೇ ಮಾಳಿಗೆಯ ಮಾವಶಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. 200ರಲ್ಲಿ ಗೀಸರಿಗೆ ಸುಣ್ಣ ಕಟ್ಟುತ್ತದೆ, ನಿಧಾನವಾಗಿ, ವರ್ಷಕ್ಕೊಮ್ಮೆ ತೊಳೆಸಬೇಕು. ಅದರ ಖರ್ಚನ್ನು ಉಪ್ಪಿನ ಉಳಿತಾಯದಿಂದ ಸೊಸೈಟಿಯೇ ಕೊಡಲಿ ಅಂತ ಬರೆದುಕೊಂಡೆವು. ನ್ಯೂ ಹ್ಯಾಂಪ್‌ಶೈರ್ ನೆನಪಿಸಿಕೊಂಡು ಇನ್ನೊಂದು ಸಾಲನ್ನೂ ಠರಾವಿಗೆ ಸೇರಿಸಿದೆ: ಗಡಸುತನ 200ರೊಳಗೆ ಇರುವ ತನಕ ಪಂಪ್ ಹುಡುಗನಿಗೆ ಯಾರೂ ಫೋನ್ ಮಾಡತಕ್ಕದ್ದಲ್ಲ. ನಗುತ್ತಲೇ ಕೈ ಎತ್ತಿದರು. ಕಾಕಾನ ಬಾವಿಯ ಮಾತು ಎತ್ತಿದಾಗ ಮಾತ್ರ ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ಅವರ ಸೀತಾಫಲ ತಿನ್ನದವರು ಅಲ್ಲಿ ಯಾರೂ ಇರಲಿಲ್ಲ.

ಇದನ್ನೇ ಒಂದು ಇಡೀ ಕಣಿವೆ ಮಾಡಿದ ಉದಾಹರಣೆ ಇದೆ. ಲಾಸ್ ಏಂಜಲೀಸ್‌ನ ಉತ್ತರದ ಸಾಂತಾ ಕ್ಲಾರಿಟಾದಲ್ಲಿ ಮನೆಗಳ ಸಾಫ್ಟನರ್ ಉಪ್ಪು ನದಿಗೆ ಸೇರಿ ಕೆಳಗಿನ ಸ್ಟ್ರಾಬೆರಿ, ಆವಕಾಡೊ ತೋಟಗಳಿಗೆ ಕುತ್ತು ತಂದಿತ್ತು. 2003ರಲ್ಲಿ ಹೊಸದನ್ನು ಕೂರಿಸುವುದು ನಿಷೇಧ. 2008ರ ನವೆಂಬರಿನಲ್ಲಿ, ಹಳೆಯವನ್ನೂ ಕಿತ್ತುಹಾಕೋಣ ಅಂತ ಜನರೇ ಮತ ಹಾಕಿದರು. ಊರೆಲ್ಲ ಸೇರಿ ಉಪ್ಪು ತೆಗೆಯುವ ಘಟಕ ಕಟ್ಟುವುದಕ್ಕಿಂತ ಮನೆಯಲ್ಲಿ ಉಪ್ಪು ಬಿಡುವುದು ಅಗ್ಗ ಎಂಬುದು ಅವರಿಗೆ ಅರ್ಥವಾಗಿತ್ತು. ನಮ್ಮಲ್ಲಿ ನಿಷೇಧದ ಮಾತು ಸದ್ಯಕ್ಕೆ ಬೇಡ. ಯಾವ ಸೊಸೈಟಿ ತಿಂಗಳಿಗೆ ಎಷ್ಟು ಚೀಲ ಉಪ್ಪು ಹಾಕುತ್ತದೆ ಅಂತ ನೋಟೀಸ್ ಬೋರ್ಡಿನಲ್ಲಿ ಬರೆಯುವುದಾದರೂ ಶುರುವಾಗಲಿ ಅಂತ ನನ್ನ ಆಸೆ.

ಬೋರ್ಡಿನಲ್ಲಿ ನಾನು ಕೈಯಿಂದ ಬರೆದ ಒಂದು ನಕಾಶೆಯನ್ನೂ ಅಂಟಿಸಿದ್ದೇನೆ. ನಮ್ಮ ಗಟಾರ, ಹಳ್ಳ, ಕರ್‍ಹೆ. ಕರ್‍ಹೆ ಜೇಜುರಿಯ ಬಳಿ ನಾಝರೆ ಅಣೆಕಟ್ಟಿಗೆ. ಅಲ್ಲಿಂದ ಬಾರಾಮತಿ ದಾಟಿ ನೀರಾ ನದಿಗೆ. ನೀರಾ ನರಸಿಂಗಪುರದಲ್ಲಿ ಭೀಮೆಗೆ. ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಮುಂದೆ ಗಡಿ ದಾಟಿ, ಇಂಡಿ, ಅಫಜಲಪುರ ತಾಲೂಕುಗಳ ಅಂಚಿನಲ್ಲಿ ಹರಿದು ಗಾಣಗಾಪುರಕ್ಕೆ. ನಮ್ಮೂರು ಅಲ್ಲೇ, ಹೊಳೆಯಿಂದ ಎರಡು ಮೈಲು. ಬೇಸಿಗೆ ಬಂದರೆ ಉಜನಿಯಿಂದ ನೀರು ಬಿಡಿಸಿ ಅಂತ ನಮ್ಮ ಕಡೆಯವರು ಪ್ರತಿ ವರ್ಷ ಕೂಗುವುದನ್ನು ನೀವು ಪೇಪರಿನಲ್ಲಿ ಓದಿರುತ್ತೀರಿ. ನಮ್ಮ ಸೊಸೈಟಿಯ ಚೀಲಗಳನ್ನು ಅಷ್ಟು ದೂರದ ಭೀಮೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಕರ್‍ಹೆ ಒಣಗಿರುತ್ತದೆ, ಉಪ್ಪು ಇಲ್ಲಿಯ ಮಣ್ಣಿಗೇ ಇಳಿಯುತ್ತದೆ. ಮಳೆ ಬಂದಾಗ ಒಂದಷ್ಟು ಕೆಳಗೆ ಸಾಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ಉಪ್ಪು ಸುರಿದವರು ನಾವು, ನೀರು ಕುಡಿಯಬೇಕಾದವರು ಕಾಕಾ, ಅವರ ಕೆಳಗಿನವರು, ಎಲ್ಲೋ ಕೊನೆಗೆ ಅವ್ವನ ಕೊಡ.

ಈ ಜನವರಿಯ ಲೆಕ್ಕ: 8 ಚೀಲ. ಹೋದ ಮಳೆಗಾಲದಲ್ಲಿ ಒಂದು ಕಟ್ಟಡದ ಮಾಳಿಗೆಯ ನೀರನ್ನು ಸಂಪಿಗೆ ಇಳಿಸಿದ್ದೆವು. ಮಳೆನೀರಿಗೆ ಗಡಸೇ ಇಲ್ಲ, ಜೋರು ಮಳೆಯ ಮೂರು ವಾರ ಸಾಫ್ಟನರ್ ಬಂದ್ ಇತ್ತು. ತಂಗಿಗೆ ಹೇಳಿದರೆ, "ಇನ್ನೂ ಎಂಟಾ? ಇಲ್ಲಿ ನಾ ಇಡೀ ಚಳಿಗಾಲಕ್ಕ ಒಂದು ಚೀಲ ಮುಗಸಿಲ್ಲ," ಅಂದಳು.

ಕಾಕಾನ ಬಾವಿಗೆ ತಿಂಗಳಿಗೊಮ್ಮೆ ಹೋಗಿ ಪೆನ್ ಅದ್ದುತ್ತೇನೆ. ಮಳೆಗಾಲದಲ್ಲಿ ಅಂಕಿ ಚೆನ್ನಾಗಿ ಇಳಿದಿತ್ತು. ಸಂಕ್ರಾಂತಿಗೆ ಮತ್ತೆ ಏರಿದೆ, ಹೋದ ವರ್ಷಕ್ಕಿಂತ ತುಸು ಕಡಿಮೆ. ಅದು ನಮ್ಮಿಂದಲೋ ಮಳೆ ಚೆನ್ನಾಗಿ ಆದದ್ದರಿಂದಲೋ, ಇನ್ನೂ ಎರಡು ಮೂರು ವರ್ಷ ಅಂಕಿ ಬರೆದಿಟ್ಟರೆ ತಿಳಿಯಬಹುದು. ನೆಲಕ್ಕೆ ಇಳಿದ ಉಪ್ಪು ಹಾಕಿದಷ್ಟು ಬೇಗ ಹೊರಗೆ ಬರುವುದಿಲ್ಲ ಅಂತ ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಬಾವಿಯ ಪಕ್ಕದ ಸಾಲಿನಲ್ಲಿ ಈ ಸಲ ಬಟಾಣಿ ಬಿಟ್ಟು ಜೋಳ ಹಾಕಿದ್ದಾರೆ. ಇನ್ನೊಂದು ಕಟ್ಟಡದ ಮಾಳಿಗೆಗೂ ಪೈಪು ಹಾಕುವ ಅಂದಾಜನ್ನು ಪ್ಲಂಬರ್ ಮೊನ್ನೆ ಕೊಟ್ಟ. ಮುಂದಿನ ಸಭೆಯ ಮೊದಲ ವಿಷಯ ಅದು.